ಕೋಟೆಯೊಳಗಿನ ನಗೆಗಾರ ಫಾರೆಸ್ಟ್ ಟಕರ್

ಅಮೆರಿಕದ ಕಿರುತೆರೆಯ ಮೇಲೆ 1965ರ ಸೆಪ್ಟೆಂಬರ್ 14ರಂದು ವಿಚಿತ್ರ ಸೇನಾ ತುಕಡಿಯೊಂದು ಕಾಣಿಸಿಕೊಂಡಿತು. ಫಿರಂಗಿ ಹಾರಿಸಿದರೆ ತನ್ನದೇ ಕಾವಲು ಗೋಪುರವನ್ನು ಉರುಳಿಸುವ ಸೈನಿಕರು, ನಡೆದಲ್ಲೆಲ್ಲ ಎಡವುವ ಕ್ಯಾಪ್ಟನ್, ಕೋಟೆಯನ್ನೇ ವ್ಯಾಪಾರದ ಅಂಗಡಿಯಾಗಿಸಿಕೊಂಡ ಸಾರ್ಜೆಂಟ್. ಎಬಿಸಿ ವಾಹಿನಿಯ 'ಎಫ್ ಟ್ರೂಪ್' ಎಂಬ ಆ ಹಾಸ್ಯ ಧಾರಾವಾಹಿಯಲ್ಲಿ ಸಾರ್ಜೆಂಟ್ ಮಾರ್ಗನ್ ಓರೋರ್ಕ್ ಪಾತ್ರವನ್ನು ಮನೆಮಾತಾಗಿಸಿದವರು ಫಾರೆಸ್ಟ್ ಟಕರ್. ನಿಜ ಜೀವನದಲ್ಲಿಯೂ ಅವರು ಕೆಲಕಾಲ ಅಶ್ವದಳದ ಸಿಪಾಯಿಯಾಗಿದ್ದರೆಂಬುದು ಸ್ವಾರಸ್ಯಕರ.

1919ರ ಫೆಬ್ರುವರಿ 12ರಂದು ಇಂಡಿಯಾನಾ ರಾಜ್ಯದ ಪ್ಲೇನ್‌ಫೀಲ್ಡ್‌ನಲ್ಲಿ ಜನಿಸಿದ ಟಕರ್, ಹದಿಹರೆಯದಲ್ಲಿಯೇ ವಾಷಿಂಗ್ಟನ್ ನಗರದ ವಿನೋದ ರಂಗಮಂದಿರವೊಂದರಲ್ಲಿ ನಿರೂಪಕರಾದರು. ವಯಸ್ಸು ಸಾಲದೆಂಬುದು ಬಯಲಾದೊಡನೆ ಆ ಕೆಲಸ ಕೈತಪ್ಪಿತು. ಬಳಿಕ ಫೋರ್ಟ್ ಮೈಯರ್‌ನಲ್ಲಿ ಅಶ್ವದಳ ಸೇರಿದರು. ಅಲ್ಲಿಯೂ ವಯಸ್ಸೇ ಅಡ್ಡಬಂದಿತು.

1940ರಲ್ಲಿ ಗ್ಯಾರಿ ಕೂಪರ್ ನಾಯಕರಾಗಿದ್ದ 'ದಿ ವೆಸ್ಟರ್ನರ್' ಚಿತ್ರದ ಮೂಲಕ ಅವರು ಬೆಳ್ಳಿತೆರೆಗೆ ಬಂದರು. ಎರಡನೆಯ ಮಹಾಯುದ್ಧದಲ್ಲಿ ಸೇನೆಯಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದರು. ಆರಡಿ ಮೀರಿದ ಆಜಾನುಬಾಹು ಶರೀರಕ್ಕೆ ದೊರೆತದ್ದು ಬಹುಪಾಲು ಒರಟರ, ಖಳರ, ಯೋಧರ ಪಾತ್ರಗಳೇ. ಜಾನ್ ವೇಯ್ನ್ ಅವರೊಡನೆ ನಟಿಸಿದ 1949ರ 'ಸ್ಯಾಂಡ್ಸ್ ಆಫ್ ಐವೊ ಜಿಮಾ' ಇದಕ್ಕೆ ನಿದರ್ಶನ.

ಅವರೊಳಗಿನ ಹಾಸ್ಯಗಾರನಿಗೆ ಪೂರ್ಣ ಅವಕಾಶ ಸಿಕ್ಕಿದ್ದು ರಂಗಭೂಮಿಯಲ್ಲಿ. 'ದಿ ಮ್ಯೂಸಿಕ್ ಮ್ಯಾನ್' ಸಂಗೀತ ನಾಟಕದ ಸಂಚಾರಿ ತಂಡದಲ್ಲಿ ಮಾತಿನ ಮೋಡಿಯಿಂದ ಊರನ್ನೇ ನಂಬಿಸುವ ವಂಚಕ ಹೆರಾಲ್ಡ್ ಹಿಲ್ ಆಗಿ ಅವರು 2,000ಕ್ಕೂ ಹೆಚ್ಚು ಪ್ರದರ್ಶನ ನೀಡಿದರು. ಮೋಸಗಾರನನ್ನೂ ಪ್ರೇಕ್ಷಕರು ಪ್ರೀತಿಸುವಂತೆ ಮಾಡುವ ಕಲೆ ಅಲ್ಲಿ ಪಕ್ವವಾಯಿತು. ಓರೋರ್ಕ್ ಪಾತ್ರಕ್ಕೆ ಅದೇ ಬಂಡವಾಳವಾಯಿತು.

ಅಂತರ್ಯುದ್ಧದ ದಿನಗಳಲ್ಲಿ ಸೀನಿದ್ದನ್ನೇ ದಾಳಿಯ ಆಜ್ಞೆಯೆಂದು ಸೈನಿಕರು ಭಾವಿಸಿದ್ದರಿಂದ ವೀರನೆನಿಸಿಕೊಂಡು ಗಡಿಯ ಫೋರ್ಟ್ ಕರೇಜ್‌ಗೆ ಬಂದವನು ಕ್ಯಾಪ್ಟನ್ ಪಾರ್ಮೆಂಟರ್. ಈ ಪಾತ್ರ ಕೆನ್ ಬೆರ್ರಿ ಅವರದು. ಅವನ ಕಣ್ತಪ್ಪಿಸಿ ಕಾರ್ಪೊರಲ್ ಅಗಾರ್ನ್ ಜೊತೆಗೂಡಿ ಓರೋರ್ಕ್ ವ್ಯವಹಾರ ನಡೆಸುತ್ತಾನೆ. ಅಗಾರ್ನ್ ಪಾತ್ರಧಾರಿ ಲ್ಯಾರಿ ಸ್ಟಾರ್ಚ್. ಹೆಕಾವಿ ಎಂಬ ಕಾಲ್ಪನಿಕ ಬುಡಕಟ್ಟು ಅವರ ಗುಟ್ಟಿನ ಪಾಲುದಾರ. ಯುದ್ಧವಾದರೆ ವ್ಯಾಪಾರ ಕೆಡುವುದರಿಂದ ಶಾಂತಿ ಉಳಿಯುತ್ತದೆ! ಶೌರ್ಯದ ಕಥೆಗಳ ನಡುವೆ ಇಂಥ ವ್ಯಂಗ್ಯ ಹೊಸತಾಗಿತ್ತು. ಆದರೆ ಬುಡಕಟ್ಟಿನ ಪ್ರಮುಖ ಪಾತ್ರಗಳನ್ನು ಮೂಲನಿವಾಸಿಗಳಲ್ಲದ ನಟರೇ ನಿರ್ವಹಿಸಿದ್ದು ಇಂದಿನ ದೃಷ್ಟಿಗೆ ಕೊರತೆಯಾಗಿ ಕಾಣುತ್ತದೆ.

ಎರಡು ವರ್ಷಗಳಲ್ಲಿ 65 ಕಂತುಗಳನ್ನು ಪೂರೈಸಿ ಧಾರಾವಾಹಿ 1967ರ ಏಪ್ರಿಲ್‌ನಲ್ಲಿ ಮುಕ್ತಾಯಗೊಂಡಿತು. 1975ರಲ್ಲಿ ಟಕರ್ ಹಾಗೂ ಸ್ಟಾರ್ಚ್ ಜೋಡಿ ಮಕ್ಕಳ ಧಾರಾವಾಹಿ 'ದಿ ಘೋಸ್ಟ್ ಬಸ್ಟರ್ಸ್'ನಲ್ಲಿ ಮತ್ತೆ ಒಂದಾಯಿತು.

1986ರ ಅಕ್ಟೋಬರ್ 25ರಂದು, 67ನೆಯ ವಯಸ್ಸಿನಲ್ಲಿ, ಟಕರ್ ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು. ದಶಕಗಳ ಕಾಲ ಬೆಳ್ಳಿತೆರೆಯಲ್ಲಿ ಗದರಿದ ಈ ನಟನನ್ನು ಜನ ಇಂದಿಗೂ ನೆನೆಯುವುದು, ಎರಡೇ ವರ್ಷ ನಗಿಸಿದ ಆ ಸಾರ್ಜೆಂಟನಿಗಾಗಿ.