ಮುಟ್ಟದೆ ಅರಿಯುವ ಯಂತ್ರ: ಲಿಯೊನ್ ಥೆರೆಮಿನ್ ಬದುಕಿನ ಏರಿಳಿತ

ಎಟಿಎಂ ಕೊಠಡಿಯೊಳಗೆ ಕಾಲಿಟ್ಟೊಡನೆ ದೀಪ ಹೊತ್ತಿಕೊಳ್ಳುತ್ತದೆ. ಮಾಲ್‌ನ ಗಾಜಿನ ಬಾಗಿಲು ಎದುರು ಬಂದವರಿಗಾಗಿ ತಾನಾಗಿಯೇ ಸರಿದುಕೊಳ್ಳುತ್ತದೆ. ವಿಮಾನ ನಿಲ್ದಾಣದ ನಲ್ಲಿಯ ಕೆಳಗೆ ಕೈ ಒಡ್ಡಿದರೆ ಸಾಕು, ನೀರು ಸುರಿಯುತ್ತದೆ. ನಗರವಾಸಿಗಳಿಗೆ ಇವು ಯಾವುವೂ ಈಗ ಅಚ್ಚರಿಯ ಸಂಗತಿಗಳಲ್ಲ. ಮನುಷ್ಯನ ಚಲನೆಯನ್ನು ಮುಟ್ಟದೆಯೇ ಗ್ರಹಿಸುವ ಇಂತಹ ಸಾಧನಗಳ ಪೂರ್ವಜವೊಂದು ನೂರು ವರ್ಷಗಳಿಗೂ ಹಿಂದೆ ರಷ್ಯಾದ ಪ್ರಯೋಗಾಲಯದಲ್ಲಿ ರೂಪುಗೊಂಡಿತ್ತು. ಅದನ್ನು ಕಂಡುಹಿಡಿದ ವ್ಯಕ್ತಿಯನ್ನು ಜಗತ್ತು ಇಂದು ನೆನೆಯುವುದು ವಿಚಿತ್ರ ವಾದ್ಯವೊಂದರ ಜನಕನೆಂದು. ಅವರ ದೇಶ ಅವರನ್ನು ಹೆಚ್ಚಾಗಿ ಬಳಸಿಕೊಂಡದ್ದು ಬೇರೆಯವರ ಮಾತನ್ನು ಕದ್ದು ಕೇಳುವುದಕ್ಕೆ.

ಲೆವ್ ಸೆರ್ಗೆಯೆವಿಚ್ ಥೆರೆಮಿನ್ ಜನಿಸಿದ್ದು 1896ರ ಆಗಸ್ಟ್‌ನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಪೂರ್ವಿಕರು ಫ್ರಾನ್ಸ್‌ನಿಂದ ವಲಸೆ ಬಂದ ಪ್ರಾಟೆಸ್ಟೆಂಟ್ ಕ್ರೈಸ್ತರು. ಪಶ್ಚಿಮ ದೇಶಗಳಲ್ಲಿ ಲಿಯೊನ್ ಎಂಬ ಹೆಸರೇ ಪ್ರಚಲಿತವಾಯಿತು. ಬಾಲ್ಯದಿಂದಲೂ ಅವರಿಗೆ ಎರಡು ಗೀಳು: ಒಂದು ಚೆಲ್ಲೊ ವಾದನ, ಇನ್ನೊಂದು ವಿದ್ಯುತ್ತು. ಸಂಗೀತ ಶಾಲೆಯಲ್ಲಿ ಚೆಲ್ಲೊ ಕಲಿಯುತ್ತಲೇ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಹಾಗೂ ಖಗೋಳವಿಜ್ಞಾನವನ್ನು ಅಭ್ಯಸಿಸಿದರು. ಮೊದಲ ಮಹಾಯುದ್ಧ ಅವರನ್ನು ಸೇನೆಯ ರೇಡಿಯೊ ವಿಭಾಗಕ್ಕೆ ಎಳೆದುಕೊಂಡಿತು. ಕ್ರಾಂತಿಯ ತರುವಾಯ ಹೆಸರಾಂತ ಭೌತವಿಜ್ಞಾನಿ ಅಬ್ರಾಮ್ ಇಯೋಫೆ ಅವರ ಸಂಸ್ಥೆಯಲ್ಲಿ ಕೆಲಸ ದೊರೆಯಿತು.

ಕೈ ಅಲುಗಿದರೆ ಸ್ವರ

ಅಲ್ಲಿ ಅವರಿಗೆ ವಹಿಸಿದ್ದು ಅನಿಲಗಳ ವಿದ್ಯುತ್ ಗುಣವನ್ನು ಅಳೆಯುವ ಉಪಕರಣವೊಂದನ್ನು ಸಿದ್ಧಪಡಿಸುವ ಕೆಲಸ. ಅಳತೆಯ ವ್ಯತ್ಯಾಸ ತಿಳಿಯಲು ಅದಕ್ಕೆ ಕಿವಿಗೆ ಕೇಳುವ ಶಬ್ದವನ್ನು ಜೋಡಿಸಲಾಗಿತ್ತು. ಉಪಕರಣದ ಬಳಿ ಕೈ ತಂದಾಗಲೆಲ್ಲ ಶಬ್ದದ ಸ್ಥಾಯಿ ಏರುಪೇರಾಗುತ್ತಿತ್ತು. ಬೇರೆ ಎಂಜಿನಿಯರ್ ಆಗಿದ್ದರೆ ಇದನ್ನು ದೋಷವೆಂದು ಬಗೆದು ಸರಿಪಡಿಸಿಬಿಡುತ್ತಿದ್ದರೇನೋ. ಥೆರೆಮಿನ್ ಚೆಲ್ಲೊ ವಾದಕರೂ ಆಗಿದ್ದರು. ಕೈಯನ್ನು ಹಿಂದೆ ಮುಂದೆ ಆಡಿಸುತ್ತ, ತಮಗೆ ಗೊತ್ತಿದ್ದ ರಾಗವೊಂದನ್ನು ಗಾಳಿಯಲ್ಲೇ ಹೊರಡಿಸಲು ಯತ್ನಿಸಿದರು. ಇದು 1920ರ ಮಾತು.

ಇದರ ಹಿಂದಿನ ತತ್ತ್ವ ಕಠಿಣವೇನಲ್ಲ. ಮನೆಯ ಸೀಲಿಂಗ್ ಫ್ಯಾನಿನಲ್ಲಿ ಕೆಪಾಸಿಟರ್ ಎಂಬ ಬಿಡಿಭಾಗ ಇರುವುದನ್ನು ಬಹುತೇಕರು ಬಲ್ಲರು. ಪರಸ್ಪರ ತಾಗದ ಎರಡು ಲೋಹದ ಹಾಳೆಗಳ ನಡುವೆ ವಿದ್ಯುದಾವೇಶವನ್ನು ಹಿಡಿದಿಡುವುದು ಅದರ ಕೆಲಸ. ಹಾಳೆಗಳ ನಡುವಿನ ಅಂತರ ಬದಲಾದರೆ ಹಿಡಿದಿಡುವ ಶಕ್ತಿಯೂ ಬದಲಾಗುತ್ತದೆ. ಥೆರೆಮಿನ್ ಉಪಕರಣದಲ್ಲಿ ಒಂದು ಹಾಳೆಯ ಸ್ಥಾನದಲ್ಲಿ ಲೋಹದ ಕೋಲು ಇದ್ದರೆ, ಇನ್ನೊಂದರ ಸ್ಥಾನದಲ್ಲಿ ನಿಲ್ಲುವುದು ಮನುಷ್ಯನ ದೇಹ. ನೆಲದ ಮೇಲೆ ನಿಂತ ದೇಹ ವಿದ್ಯುತ್ತಿಗೆ ಒಂದು ಹಾಳೆಯಂತೆಯೇ ಕಾಣುತ್ತದೆ.

ಪೆಟ್ಟಿಗೆಯೊಳಗೆ ರೇಡಿಯೊ ಕಂಪನಗಳನ್ನು ಉಂಟುಮಾಡುವ ಎರಡು ಮಂಡಲಗಳಿರುತ್ತವೆ. ಒಂದರ ಕಂಪನ ಸ್ಥಿರ. ಇನ್ನೊಂದರದ್ದು ಕೈ ಹತ್ತಿರ ಬಂದಂತೆ ಕೊಂಚ ಇಳಿಯುತ್ತದೆ. ಉದಾಹರಣೆಗೆ ಒಂದು ಸೆಕೆಂಡಿಗೆ 3,00,000 ಬಾರಿ, ಇನ್ನೊಂದು 2,99,560 ಬಾರಿ ಕಂಪಿಸುತ್ತಿವೆ ಎಂದುಕೊಳ್ಳೋಣ. ಎರಡೂ ಕಿವಿಗೆ ನಿಲುಕದಷ್ಟು ತೀವ್ರ. ಆದರೆ ಎರಡನ್ನೂ ಬೆರೆಸಿದಾಗ ಹೊಮ್ಮುವ 440ರ ವ್ಯತ್ಯಾಸ ಸ್ಪಷ್ಟವಾದ ಸ್ವರವಾಗಿ ಕೇಳುತ್ತದೆ. ಬಲಗೈ ಸ್ಥಾಯಿಯನ್ನು, ಎಡಗೈ ಧ್ವನಿಯ ಪ್ರಮಾಣವನ್ನು ನಿಯಂತ್ರಿಸುತ್ತದೆ. ಮೆಟ್ಟಿಲುಗಳಿಲ್ಲ, ತಂತಿಯಿಲ್ಲ; ಸ್ವರದಿಂದ ಸ್ವರಕ್ಕೆ ಜಾರಬೇಕು. ವೀಣೆಯ ಗಮಕಕ್ಕೆ ಒಗ್ಗಿದ ಕಿವಿಗೆ ಇದು ಅಷ್ಟೇನೂ ಅಪರಿಚಿತವೆನಿಸದು. ನುಡಿಸುವುದು ಮಾತ್ರ ಬಲು ಕಷ್ಟ, ಏಕೆಂದರೆ ಬೆರಳಿಗೆ ಆಸರೆಯೇ ಇಲ್ಲ.

ಇದೇ ಮಂಡಲದಲ್ಲಿ ಸ್ವರದ ಬದಲು ಗಂಟೆಯನ್ನು ಜೋಡಿಸಿದರೆ ಕಳ್ಳನನ್ನು ಹಿಡಿಯುವ ಕಾವಲುಗಾರ ಸಿದ್ಧ. ಥೆರೆಮಿನ್ ಅದನ್ನೂ ಮಾಡಿದರು. ಯಾರಾದರೂ ಸಮೀಪಿಸಿದೊಡನೆ ವಿದ್ಯುತ್ ಕ್ಷೇತ್ರ ಕದಡಿ ಗಂಟೆ ಬಾರಿಸುವ ಈ ಸಾಧನ ಮತ್ತು ಆ ವಾದ್ಯ ಒಂದೇ ಬಳ್ಳಿಯ ಎರಡು ಕಾಯಿಗಳು. 1922ರ ಮಾರ್ಚ್‌ನಲ್ಲಿ ಕ್ರೆಮ್ಲಿನ್‌ಗೆ ಕರೆ ಬಂದಾಗ ಅವರು ಎರಡನ್ನೂ ಕೊಂಡೊಯ್ದಿದ್ದರು. ಲೆನಿನ್ ಗಂಟೆಯನ್ನು ನೋಡಿದರು, ಬಳಿಕ ವಾದ್ಯದ ಮುಂದೆ ನಿಂತು ಗ್ಲಿಂಕಾ ಅವರ ರಚನೆಯೊಂದನ್ನು ನುಡಿಸಲು ಯತ್ನಿಸಿದರು. ಆರಂಭದಲ್ಲಿ ಥೆರೆಮಿನ್ ಅವರೇ ಕೈ ಹಿಡಿದು ತೋರಿಸಿದರಂತೆ. ದೇಶದ ಮೂಲೆಮೂಲೆಗೂ ವಿದ್ಯುತ್ತನ್ನು ಒಯ್ಯುವ ಯೋಜನೆಯಲ್ಲಿ ಮಗ್ನರಾಗಿದ್ದ ಲೆನಿನ್, ಜನರಿಗೆ ಈ ವಾದ್ಯವನ್ನು ತೋರಿಸಿ ಬರಲೆಂದು ಅವರಿಗೆ ರೈಲ್ವೆ ಪಾಸು ಕೊಡಿಸಿದರು.

ಅಮೆರಿಕದ ದಿನಗಳು

1927ರಲ್ಲಿ ಯುರೋಪ್ ಪ್ರವಾಸ ಆರಂಭವಾಯಿತು. ಫ್ರಾಂಕ್‌ಫರ್ಟ್, ಬರ್ಲಿನ್, ಲಂಡನ್, ಪ್ಯಾರಿಸ್‌ಗಳಲ್ಲಿ ಸಭಾಂಗಣಗಳು ತುಂಬಿದವು. ವರ್ಷದ ಕೊನೆಗೆ ಅವರು ನ್ಯೂಯಾರ್ಕ್ ತಲುಪಿದರು. ಈ ಪ್ರವಾಸ ಕೇವಲ ಸಂಗೀತಕ್ಕಾಗಿ ಆಗಿರಲಿಲ್ಲ. ಅಮೆರಿಕದ ಕೈಗಾರಿಕೆಗಳ ಕುರಿತ ಮಾಹಿತಿಯನ್ನೂ ಸೋವಿಯತ್ ಗುಪ್ತಚರ ವಿಭಾಗ ಅವರಿಂದ ನಿರೀಕ್ಷಿಸುತ್ತಿತ್ತು. 1928ರ ಫೆಬ್ರುವರಿಯಲ್ಲಿ ವಾದ್ಯಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಆರ್‌ಸಿಎ ಕಂಪನಿ ಹಕ್ಕು ಖರೀದಿಸಿ ಸುಮಾರು 500 ವಾದ್ಯಗಳನ್ನು ತಯಾರಿಸಿತು. ಯಾರು ಬೇಕಾದರೂ ನುಡಿಸಬಹುದೆಂಬ ಪ್ರಚಾರ ನಂಬಿ ಕೊಂಡವರಿಗೆ ನಿಜಸ್ಥಿತಿ ಬೇಗನೆ ಅರಿವಾಯಿತು. 1929ರ ಷೇರುಪೇಟೆ ಕುಸಿತ ಉಳಿದ ಆಸೆಯನ್ನೂ ಮುಗಿಸಿತು.

ವಾದ್ಯದ ಮಾನ ಉಳಿಸಿದ್ದು ಕ್ಲಾರಾ ರಾಕ್‌ಮೋರ್. ವಿಲ್ನಿಯಸ್‌ನಲ್ಲಿ ಜನಿಸಿದ ಈಕೆ ಬಾಲ ಪಿಟೀಲು ಪ್ರತಿಭೆ. ಕೈನೋವಿನಿಂದಾಗಿ ಪಿಟೀಲು ತೊರೆದು ಥೆರೆಮಿನ್ ವಾದ್ಯವನ್ನು ಕರಗತ ಮಾಡಿಕೊಂಡರು. ಥೆರೆಮಿನ್ ಆಕೆಯನ್ನು ಪ್ರೀತಿಸಿದರು, ವಿವಾಹ ಪ್ರಸ್ತಾಪವನ್ನೂ ಮುಂದಿಟ್ಟರು. ಆಕೆ ವಕೀಲರೊಬ್ಬರನ್ನು ವರಿಸಿದರು.

1932ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಪ್ರದರ್ಶನಗೊಂಡ ಇನ್ನೊಂದು ಸಾಧನ ಇಂದಿನ ಓದುಗರಿಗೆ ಹೆಚ್ಚು ಕುತೂಹಲಕರ. ಅದೊಂದು ನರ್ತನ ವೇದಿಕೆ. ಕಾಲ ಕೆಳಗೆ ಲೋಹದ ಫಲಕ. ನರ್ತಕಿ ಬಾಗಿದರೆ ಸ್ವರ ಇಳಿಯುತ್ತದೆ, ಮೇಲೆದ್ದರೆ ಏರುತ್ತದೆ. ಕೈಯ ಬದಲು ಇಡೀ ದೇಹದ ಚಲನೆಯನ್ನು ಗ್ರಹಿಸುವ ಯಂತ್ರವಿದು. ನರ್ತಕರಿಗೆ ಸ್ವರ ಹಿಡಿಯುವುದು ದುಸ್ತರವಾದ ಕಾರಣ ಕಡೆಗೆ ಅಲ್ಲಿ ನಿಂತದ್ದೂ ಕ್ಲಾರಾ ಅವರೇ. ಇದೇ ಕಾಲಕ್ಕೆ ಅವರ ಕಳ್ಳಗಂಟೆಗಳಿಗೆ ಗಿರಾಕಿಗಳು ದೊರೆತರು. ಕೈದಿಗಳು ಆಯುಧ ಅಡಗಿಸಿಕೊಂಡಿದ್ದಾರೆಯೇ ಎಂದು ತಿಳಿಯುವ ಲೋಹಶೋಧಕವನ್ನು ಸಿಂಗ್ ಸಿಂಗ್ ಕಾರಾಗೃಹಕ್ಕಾಗಿ ಸಿದ್ಧಪಡಿಸಿದರು. ಆದರೂ ಸಾಲ ಬೆಳೆಯುತ್ತಲೇ ಹೋಯಿತು.

ಕಪ್ಪು ವರ್ಣದ ಬ್ಯಾಲೆ ಕಲಾವಿದೆ ಲವೀನಿಯಾ ವಿಲಿಯಮ್ಸ್ ಅವರನ್ನು 1938ರಲ್ಲಿ ವಿವಾಹವಾದರು. ವರ್ಣಭೇದ ಗಾಢವಾಗಿದ್ದ ಅಂದಿನ ಅಮೆರಿಕದಲ್ಲಿ ಈ ಮದುವೆ ಹಲವು ಮನೆಗಳ ಬಾಗಿಲನ್ನು ಅವರಿಗೆ ಮುಚ್ಚಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಥೆರೆಮಿನ್ ಸೋವಿಯತ್ ಹಡಗೊಂದನ್ನು ಹತ್ತಿ ಕಣ್ಮರೆಯಾದರು. ಅವರನ್ನು ಅಪಹರಿಸಲಾಯಿತೆಂದೇ ನ್ಯೂಯಾರ್ಕ್‌ನ ಗೆಳೆಯರು ದಶಕಗಳ ಕಾಲ ನಂಬಿದ್ದರು. ತಾವಾಗಿಯೇ ಮರಳಿದ್ದೆಂದು ಅವರು ಇಳಿವಯಸ್ಸಿನಲ್ಲಿ ಹೇಳಿಕೊಂಡರು. ಲವೀನಿಯಾ ಹಿಂದೆಯೇ ಉಳಿದರು. ದಂಪತಿ ಮತ್ತೆ ಭೇಟಿಯಾಗಲಿಲ್ಲ.

ಸೆರೆಯಲ್ಲಿ ಸಂಶೋಧನೆ

ಮರಳಿದ ಕೆಲವೇ ತಿಂಗಳಲ್ಲಿ, 1939ರ ಮಾರ್ಚ್‌ನಲ್ಲಿ ಬಂಧನ. ಎಂಟು ವರ್ಷಗಳ ಶಿಕ್ಷೆ ವಿಧಿಸಿ ಕೊಲಿಮಾದ ಶಿಬಿರಕ್ಕೆ ಕಳುಹಿಸಲಾಯಿತು. ಸಾವಿರಾರು ಜನ ಚಳಿ, ಹಸಿವಿಗೆ ಬಲಿಯಾದ ಸ್ಥಳವದು. ವಿದ್ಯೆಯೇ ಅವರನ್ನು ಉಳಿಸಿತು. ಯುದ್ಧ ಸನ್ನಿಹಿತವಾಗಿದ್ದ ಕಾರಣ ಎಂಜಿನಿಯರುಗಳನ್ನು ಹುಡುಕಿ ತರಲಾಗುತ್ತಿತ್ತು. ಅವರನ್ನು ಕೈದಿ ವಿಜ್ಞಾನಿಗಳ ಪ್ರಯೋಗಾಲಯಕ್ಕೆ ವರ್ಗಾಯಿಸಲಾಯಿತು. ವಿಮಾನ ವಿನ್ಯಾಸಕ ಟುಪೊಲೆವ್, ಮುಂದೆ ಸೋವಿಯತ್ ಅಂತರಿಕ್ಷ ಯೋಜನೆಯ ಸೂತ್ರಧಾರರಾದ ಕೊರೊಲೆವ್ ಕೂಡ ಅಲ್ಲಿ ಕೈದಿಗಳಾಗಿದ್ದರು.

1945ರ ಆಗಸ್ಟ್‌ನಲ್ಲಿ ಸೋವಿಯತ್ ಶಾಲಾ ಮಕ್ಕಳ ತಂಡವೊಂದು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಅವೆರಿಲ್ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಲಾಂಛನವನ್ನು ಉಡುಗೊರೆಯಾಗಿ ನೀಡಿತು. ಅದನ್ನು ರಾಯಭಾರಿಯ ನಿವಾಸದಲ್ಲಿ ತೂಗುಹಾಕಲಾಯಿತು. ಅದರೊಳಗೆ ಥೆರೆಮಿನ್ ರೂಪಿಸಿದ ಪುಟ್ಟ ಸಾಧನವಿತ್ತು. ಬ್ಯಾಟರಿ ಇಲ್ಲ, ವಿದ್ಯುತ್ ತಂತಿ ಇಲ್ಲ. ಲೋಹದ ಡಬ್ಬಿ, ಅದರ ಬಾಯಿಗೆ ಬಿಗಿದ ತೆಳ್ಳನೆಯ ಪೊರೆ, ಒಂದು ಆಂಟೆನಾ. ಹೊರಗಿನಿಂದ ರೇಡಿಯೊ ತರಂಗ ಹಾಯಿಸಿದಾಗ ಮಾತ್ರ ಅದಕ್ಕೆ ಜೀವ. ಕೋಣೆಯಲ್ಲಿ ಮಾತನಾಡಿದರೆ ಪೊರೆ ಕಂಪಿಸುತ್ತದೆ, ಪೊರೆ ಮತ್ತು ಲೋಹದ ನಡುವಿನ ಅಂತರ ಬದಲಾಗುತ್ತದೆ, ಮರಳಿ ಹೊಮ್ಮುವ ತರಂಗದಲ್ಲಿ ಆ ಮಾತಿನ ಗುರುತು ಮೂಡುತ್ತದೆ. ವಾದ್ಯದಲ್ಲಿ ಕೈ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪೊರೆ ಮಾಡಿತು. ಸುಮ್ಮನಿದ್ದಾಗ ಏನನ್ನೂ ಹೊರಸೂಸದ ಕಾರಣ ಸಾಮಾನ್ಯ ತಪಾಸಣೆಗೆ ಸಿಗದೆ ಏಳು ವರ್ಷ ಗೋಡೆಯ ಮೇಲಿತ್ತು. 1952ರಲ್ಲಿ ಪತ್ತೆಯಾಯಿತು, 1960ರಲ್ಲಿ ಅಮೆರಿಕ ಅದನ್ನು ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು.

ಇನ್ನೊಂದು ಸಾಧನವಂತೂ ಕೋಣೆಯೊಳಗೆ ಏನನ್ನೂ ಇಡುವ ಅಗತ್ಯವನ್ನೇ ಇಲ್ಲವಾಗಿಸಿತು. ಕಿಟಕಿಯ ಗಾಜಿನ ಮೇಲೆ ದೂರದಿಂದ ಅತಿಗೆಂಪು ಕಿರಣ ಬಿಟ್ಟು, ಮಾತಿನಿಂದ ಗಾಜಿನಲ್ಲಿ ಉಂಟಾಗುವ ಸೂಕ್ಷ್ಮ ಕಂಪನವನ್ನು ಓದುವ ವಿಧಾನವಿದು. ಇದಕ್ಕಾಗಿ 1947ರಲ್ಲಿ ಸ್ಟಾಲಿನ್ ಪುರಸ್ಕಾರ ಲಭಿಸಿತು. ಅವರನ್ನು ಸೆರೆಗೆ ತಳ್ಳಿದ ವ್ಯವಸ್ಥೆಯೇ ಕೊಟ್ಟ ಬಹುಮಾನ! ಬಿಡುಗಡೆಯ ನಂತರವೂ ಅವರು ಗುಪ್ತ ಸಂಸ್ಥೆಗಳ ಕೆಲಸವನ್ನೇ ಮುಂದುವರಿಸಿದರು. ಹೊರಜಗತ್ತು ಅವರು ತೀರಿಕೊಂಡರೆಂದೇ ಭಾವಿಸಿತ್ತು.

ನಮ್ಮ ಸುತ್ತಲಿನ ಇಂದಿನ ಸಾಧನಗಳು ಎಲ್ಲವೂ ಥೆರೆಮಿನ್ ಅವರ ಮಾರ್ಗದವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮೊಬೈಲ್‌ನ ಸ್ಪರ್ಶ ಪರದೆ ಕೆಪಾಸಿಟರ್ ತತ್ತ್ವದ್ದೇ. ಬಾಗಿಲುಗಳ ಮೇಲಿನ ಸಾಧನಗಳಲ್ಲಿ ಹಲವು ಸೂಕ್ಷ್ಮತರಂಗಗಳನ್ನು ಹಾಯಿಸಿ, ಚಲಿಸುವ ದೇಹಕ್ಕೆ ಬಡಿದು ಮರಳುವಾಗ ಅವುಗಳ ಕಂಪನದಲ್ಲಾಗುವ ವ್ಯತ್ಯಾಸವನ್ನು ಗುರುತಿಸುತ್ತವೆ. ದೀಪ ಹೊತ್ತಿಸುವಂಥವು ಬಹುಪಾಲು ಏನನ್ನೂ ಹಾಯಿಸುವುದಿಲ್ಲ; ದೇಹದಿಂದ ಹೊಮ್ಮುವ ಶಾಖದ ಅತಿಗೆಂಪು ಕಿರಣವನ್ನು ಕಾಯುತ್ತ ಕೂರುತ್ತವೆ. ಮೇಲಿನ ಬಿಳಿಯ ಪ್ಲಾಸ್ಟಿಕ್ ಗುಮ್ಮಟ ಕೋಣೆಯನ್ನು ಹಲವು ವಲಯಗಳಾಗಿ ವಿಭಜಿಸುವ ಮಸೂರ. ಶಾಖ ಒಂದು ವಲಯದಿಂದ ಇನ್ನೊಂದಕ್ಕೆ ದಾಟಿದಾಗ ಮಾತ್ರ ಸಂಕೇತ ಹೊರಡುತ್ತದೆ. ಕಚೇರಿಯ ಶೌಚಾಲಯದಲ್ಲಿ ಅಲುಗಾಡದೆ ಕುಳಿತವರು ಕತ್ತಲಲ್ಲಿ ಕೈಬೀಸಬೇಕಾಗುವುದು ಇದರಿಂದಲೇ. ಸುತ್ತಲಿನ ಶಾಖ ದೇಹದ ಶಾಖಕ್ಕೆ ಸಮೀಪವಾದಾಗ ಇವುಗಳ ದೃಷ್ಟಿ ಮಂದವಾಗುತ್ತದೆ. ರಾಯಚೂರು, ಕಲಬುರ್ಗಿಗಳ ಮೇ ತಿಂಗಳ ಮಧ್ಯಾಹ್ನ ಅದಕ್ಕೆ ಹೇಳಿಮಾಡಿಸಿದ ಹೊತ್ತು. ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿ ಗಣತಿಗೆ ಬಳಸುವ ಸ್ವಯಂಚಾಲಿತ ಕ್ಯಾಮೆರಾಗಳಿಗೂ ಚಲನೆಯ ಗ್ರಹಿಕೆಯೇ ಆಧಾರ.

ಥೆರೆಮಿನ್ 1960ರ ದಶಕದಲ್ಲಿ ಗುಪ್ತ ಕೆಲಸ ತೊರೆದು ಮಾಸ್ಕೋದ ಸಂಗೀತ ಮಹಾವಿದ್ಯಾಲಯ ಸೇರಿ ಮತ್ತೆ ವಾದ್ಯಗಳನ್ನು ಕಟ್ಟತೊಡಗಿದರು. ಅಲ್ಲಿಗೆ ಬಂದಿದ್ದ ನ್ಯೂಯಾರ್ಕ್ ಟೈಮ್ಸ್‌ನ ಸಂಗೀತ ವಿಮರ್ಶಕರೊಬ್ಬರು ಅವರು ಬದುಕಿರುವುದನ್ನು ಕಂಡು 1967ರಲ್ಲಿ ಬರೆದರು. ಶುಭವಾಗಬೇಕಿದ್ದ ಸುದ್ದಿ ಮುಳುವಾಯಿತು. ಮೇಲಧಿಕಾರಿಗಳು ಅವರನ್ನು ಕೆಲಸದಿಂದ ತೆಗೆದರು, ವಾದ್ಯಗಳನ್ನು ನಾಶಪಡಿಸಿದರು. ಎಪ್ಪತ್ತು ದಾಟಿದ ಮೇಲೆ ಅವರು ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಕೆಳದರ್ಜೆಯ ತಂತ್ರಜ್ಞರಾಗಿ ದುಡಿಯಬೇಕಾಯಿತು. ಇತ್ತ ಅಮೆರಿಕದಲ್ಲಿ 1950ರ ದಶಕದಿಂದ ಥೆರೆಮಿನ್ ವಾದ್ಯಗಳನ್ನು ತಯಾರಿಸಿ ಮಾರುತ್ತಿದ್ದ ರಾಬರ್ಟ್ ಮೂಗ್, ತಮ್ಮ ಸಿಂಥಸೈಜರ್‌ನಿಂದ ವಿಶ್ವವಿಖ್ಯಾತರಾಗಿದ್ದರು.

1989ರಲ್ಲಿ ಅವರಿಗೆ ಫ್ರಾನ್ಸ್‌ಗೆ ತೆರಳಲು ಅನುಮತಿ ಸಿಕ್ಕಿತು. 1991ರಲ್ಲಿ, 95ರ ವಯಸ್ಸಿನಲ್ಲಿ, ಮತ್ತೆ ಅಮೆರಿಕಕ್ಕೆ ಹೋದರು. ಲವೀನಿಯಾ ಎರಡು ವರ್ಷ ಮೊದಲೇ ಹೈಟಿಯಲ್ಲಿ ನಿಧನರಾಗಿದ್ದರು. ಕ್ಲಾರಾ ಇದ್ದರು, ನ್ಯೂಯಾರ್ಕ್‌ನಲ್ಲಿ ಇಬ್ಬರೂ ಭೇಟಿಯಾದರು. ಅದೇ 1991ರ ಮಾರ್ಚ್‌ನಲ್ಲಿ ಅವರು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ ಪಡೆದಿದ್ದರು. ಲೆನಿನ್‌ಗೆ ಕೊಟ್ಟ ಮಾತು ಎಂಬುದು ಅವರ ಸಮಜಾಯಿಷಿ. ವರ್ಷದ ಕೊನೆಯ ಹೊತ್ತಿಗೆ ಪಕ್ಷವೂ ಉಳಿಯಲಿಲ್ಲ, ಸೋವಿಯತ್ ಒಕ್ಕೂಟವೂ ಉಳಿಯಲಿಲ್ಲ. ಥೆರೆಮಿನ್ 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ ಕೊನೆಯುಸಿರೆಳೆದರು.