ಮೊಳಕಾಲ್ಮೂರಿನ ಅಭ್ಯರ್ಥಿ, ನಾಡಿನ ಮುಖ್ಯಮಂತ್ರಿ: ಎಸ್. ನಿಜಲಿಂಗಪ್ಪನವರು

ನಮ್ಮ ಚಿತ್ರದುರ್ಗ ಜಿಲ್ಲೆ ಮಳೆಗೆ ಬಡ ಜಿಲ್ಲೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂತೂ ಬರಗಾಲವನ್ನು ಮನೆಯ ನೆಂಟನಂತೆ ಕಂಡ ಸೀಮೆ. ಇಂಥ ಒಣ ನೆಲದ ಮತದಾರರು 1957ರಲ್ಲಿ ಒಬ್ಬ ಮುಖ್ಯಮಂತ್ರಿಯನ್ನೇ ಆರಿಸಿ ವಿಧಾನಸಭೆಗೆ ಕಳಿಸಿದ್ದರು ಎಂಬ ಸಂಗತಿ ಇಂದಿನ ಅನೇಕ ವಿದ್ಯಾರ್ಥಿಗಳಿಗೆ ತಿಳಿದಿರಲಾರದು. ಆ ಮುಖ್ಯಮಂತ್ರಿ ಸಿದ್ದವನಹಳ್ಳಿ ನಿಜಲಿಂಗಪ್ಪನವರು. ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಅವರ ಬದುಕನ್ನು ನೆನೆಯುವುದು ಉಚಿತವಾಗಿದೆ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ. ತಂದೆ ಸಣ್ಣ ವ್ಯಾಪಾರಿ. ಮಗನಿಗೆ ಐದು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ತಾಯಿಯ ಆಸರೆಯಲ್ಲಿ ಬೆಳೆದ ಹುಡುಗ ದಾವಣಗೆರೆ, ಚಿತ್ರದುರ್ಗಗಳಲ್ಲಿ ಶಾಲೆ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1924ರಲ್ಲಿ ಬಿ.ಎ. ಮುಗಿಸಿದರು. 1926ರಲ್ಲಿ ಪುಣೆಯಿಂದ ಕಾನೂನು ಪದವಿ ಪಡೆದು ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. ತಂದೆಯಿಲ್ಲದ ಹಳ್ಳಿಯ ಮಗುವಿಗೆ ಓದೇ ಆಸ್ತಿಯಾಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಕೀಲರಾಗಿ ನೆಮ್ಮದಿಯಿಂದ ಇರಬಹುದಾಗಿದ್ದವರನ್ನು ಗಾಂಧೀಜಿಯವರ ಮಾರ್ಗ ಸೆಳೆಯಿತು. ಡಾ. ನಾ.ಸು. ಹರ್ಡೀಕರರ ಸಂಪರ್ಕ ಬೆಳೆದು ಕಾಂಗ್ರೆಸ್ಸಿನ ಕೆಲಸಕ್ಕೆ ಇಳಿದರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡ ಇಳಿಸುವ ಈಚಲು ಮರ ಸರ್ಕಾರಕ್ಕೆ ಆದಾಯ, ಬಡವನ ಮನೆಗೆ ಹಾಳು. ಅದನ್ನು ಕಡಿಯುವುದೆಂದರೆ ಸರ್ಕಾರವನ್ನೂ ಕುಡಿತವನ್ನೂ ಒಟ್ಟಿಗೆ ಎದುರಿಸಿದಂತೆ. ಆ ಹೋರಾಟದ ಮುಂಚೂಣಿಯಲ್ಲಿದ್ದ ನಿಜಲಿಂಗಪ್ಪನವರು ಸೆರೆಮನೆ ಸೇರಿದರು. ಮುಂದೆ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952ರ ಮೊದಲ ಮಹಾಚುನಾವಣೆಯಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಅವರ ಬದುಕಿನ ದೊಡ್ಡ ಕೆಲಸ ಕರ್ನಾಟಕದ ಏಕೀಕರಣ. ಕನ್ನಡಿಗರು ಆಗ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹಂಚಿಹೋಗಿದ್ದರು. ಇದರ ಕಷ್ಟ ನಮ್ಮ ಗಡಿಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂತು. ಮೊಳಕಾಲ್ಮೂರಿನ ಮಗ್ಗುಲಲ್ಲೇ ಇರುವ ರಾಯದುರ್ಗ ಆಂಧ್ರಕ್ಕೆ ಸೇರಿತು. ಸಂತೆ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದು ರಾಜ್ಯದಲ್ಲಿ. ಬೀಗರು ಆ ಕಡೆ, ನಾವು ಈ ಕಡೆ. ಹಳೆಯ ಮೈಸೂರಿನ ಕೆಲವು ನಾಯಕರಿಗೆ ಏಕೀಕರಣದ ಬಗ್ಗೆ ಅಳುಕಿತ್ತು. ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುತ್ತದೆ, ಒಂದು ಸಮುದಾಯದ ಕೈ ಮೇಲಾಗುತ್ತದೆ ಎಂಬ ಮಾತುಗಳಿದ್ದವು. ಅಂಥ ಕಾಲದಲ್ಲಿ ಹಳೆಯ ಮೈಸೂರಿನ ಜಿಲ್ಲೆಯಲ್ಲಿದ್ದುಕೊಂಡೇ ಒಂದು ನಾಡಿಗಾಗಿ ದುಡಿದವರು ನಿಜಲಿಂಗಪ್ಪನವರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಅದರ ಮೊದಲ ಮುಖ್ಯಮಂತ್ರಿಯಾದರು.

ಮುಖ್ಯಮಂತ್ರಿಯಾದಾಗ ಅವರು ಲೋಕಸಭೆಯ ಸದಸ್ಯರು. ಸಂವಿಧಾನದ ಪ್ರಕಾರ ಮಂತ್ರಿಯಾದವರು ಆರು ತಿಂಗಳೊಳಗೆ ರಾಜ್ಯದ ಶಾಸನಸಭೆಯ ಸದಸ್ಯರಾಗಬೇಕು. ಆ ಹೊತ್ತಿಗೆ 1957ರ ಚುನಾವಣೆಯೂ ಬಂತು. ಹೊಸ ರಾಜ್ಯದ ಮೊದಲ ವಿಧಾನಸಭಾ ಚುನಾವಣೆಗೆ ಅವರು ಸ್ಪರ್ಧಿಸಿದ ಕ್ಷೇತ್ರ ಮೊಳಕಾಲ್ಮೂರು. ದೊಡ್ಡ ಪಟ್ಟಣವಲ್ಲ, ನೀರಾವರಿಯ ಸಿರಿವಂತ ಸೀಮೆಯೂ ಅಲ್ಲ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿಯ ನಾಡು. ರೇಷ್ಮೆ ಸೀರೆ ನೇಯುವವರು, ಕುರಿ ಕಾಯುವವರು, ಮಳೆಗಾಗಿ ಮುಗಿಲು ನೋಡುವ ರೈತರು ಇರುವ ನಾಡು. ಕನ್ನಡ, ತೆಲುಗು ಎರಡೂ ಕೇಳಿಬರುವ ಗಡಿ.

ಆಗಿನ ಮತದಾನದ ರೀತಿಯನ್ನು ಇಂದಿನ ಮಕ್ಕಳಿಗೆ ಹೇಳಬೇಕು. ಮತಯಂತ್ರ ಇರಲಿಲ್ಲ, ಮುದ್ರೆ ಒತ್ತುವುದೂ ಇರಲಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಅದರ ಮೇಲೆ ಅವರವರ ಗುರುತು. ಮತದಾರರು ಮರೆಯೊಳಗೆ ಹೋಗಿ ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದರು. ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು. ಓದು ಬರಹ ಬಾರದ ರೈತನಿಗೂ ಆ ಚಿತ್ರವನ್ನು ಯಾರೂ ಓದಿ ಹೇಳಬೇಕಿರಲಿಲ್ಲ. ಇಪ್ಪತ್ತೊಂದು ತುಂಬಿದ ಗಂಡಸು, ಹೆಂಗಸು, ಜಮೀನ್ದಾರ, ಕೂಲಿಕಾರ ಎಲ್ಲರಿಗೂ ಒಂದೇ ಚೀಟಿ. ಮುಖ್ಯಮಂತ್ರಿಯ ಭವಿಷ್ಯವೂ ಆ ಚೀಟಿಗಳಲ್ಲೇ ಇತ್ತು. ನಿಜಲಿಂಗಪ್ಪನವರು ಗೆದ್ದರು. ರಾಜ್ಯದ 208 ಸ್ಥಾನಗಳಲ್ಲಿ 150 ಕಾಂಗ್ರೆಸ್ಸಿಗೆ ಬಂದವು.

ಆದರೆ ಅಧಿಕಾರ ನಿಲ್ಲಲಿಲ್ಲ. ಪಕ್ಷದೊಳಗಿನ ಭಿನ್ನಮತದಿಂದ 1958ರ ಮೇ ತಿಂಗಳಲ್ಲಿ ಅವರು ರಾಜೀನಾಮೆ ನೀಡಿದರು; ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರಲ್ಲಿ ನಿಜಲಿಂಗಪ್ಪನವರು ನಮ್ಮ ಜಿಲ್ಲೆಯದೇ ಆದ ಹೊಸದುರ್ಗದಿಂದ ಸ್ಪರ್ಧಿಸಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ರಾಜ್ಯದಲ್ಲಿ ಪಕ್ಷ ಗೆದ್ದಿತ್ತು, ನಾಯಕ ಸೋತಿದ್ದರು. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು. ಬಾಗಲಕೋಟೆಯ ಶಾಸಕರು ಸ್ಥಾನ ತೆರವು ಮಾಡಿಕೊಟ್ಟಾಗ ನಿಜಲಿಂಗಪ್ಪನವರು ಅಲ್ಲಿಂದ ಆಯ್ಕೆಯಾಗಿ ಬಂದರು. ಕಂಠಿಯವರು ಕುರ್ಚಿಗೆ ಅಂಟಿಕೊಳ್ಳದೆ ಬಿಟ್ಟುಕೊಟ್ಟದ್ದು ಇಂದಿಗೂ ನೆನೆಯಬೇಕಾದ ನಡತೆ.

1962ರ ಜೂನ್‌ನಿಂದ 1968ರ ಮೇ ತನಕದ ಆರು ವರ್ಷ ಅವರ ಆಡಳಿತದ ಮುಖ್ಯ ಕಾಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ವಿದ್ಯುತ್ ಹಳ್ಳಿಗಳತ್ತ ಹರಿಯತೊಡಗಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಯಾಯಿತು. ಬೆಂಗಳೂರು ವಿಶ್ವವಿದ್ಯಾನಿಲಯ, ಕೃಷಿ ವಿಶ್ವವಿದ್ಯಾನಿಲಯ ಎರಡೂ 1964ರಲ್ಲೇ ಆರಂಭವಾದವು. ಗಡಿ ತಕರಾರು ಮಹಾಜನ ಆಯೋಗದ ಮುಂದೆ ಹೋದದ್ದು, ಬೆಳಗಾವಿ ನಮ್ಮಲ್ಲೇ ಉಳಿಯಬೇಕು, ಕಾಸರಗೋಡಿನ ಚಂದ್ರಗಿರಿ ನದಿಯ ಉತ್ತರದ ಭಾಗ ನಮಗೆ ಸೇರಬೇಕು ಎಂದು ಅದು ವರದಿ ಕೊಟ್ಟದ್ದು ಇದೇ ಕಾಲದಲ್ಲಿ.

ಹೊಗಳಿಕೆಯೊಂದನ್ನೇ ಬರೆದರೆ ಜೀವನಚರಿತ್ರೆ ಪೂರ್ತಿಯಾಗದು. ನಿಜಲಿಂಗಪ್ಪನವರು ಆತುರದ ಬದಲಾವಣೆಯನ್ನು ನಂಬಿದವರಲ್ಲ. ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದರೂ ಗೇಣಿದಾರರಿಗೆ ಅದರಿಂದ ಸಿಕ್ಕಿದ್ದು ಕಡಿಮೆ. ಉಳುವವನ ಕೈಗೆ ನಿಜವಾಗಿ ಭೂಮಿ ಬರಲು ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಬೇಕಾಯಿತು. ಈಚಲು ಮರ ಕಡಿದು ಜೈಲಿಗೆ ಹೋದವರ ಸರ್ಕಾರವೇ 1967ರಲ್ಲಿ ಪಾನನಿರೋಧವನ್ನು ತೆಗೆದುಹಾಕಿತು. ಬೊಕ್ಕಸದ ಕಷ್ಟ ದೊಡ್ಡದೋ, ತುರುವನೂರಿನ ನೆನಪು ದೊಡ್ಡದೋ ಎಂಬ ಪ್ರಶ್ನೆ ಅವರ ಅಭಿಮಾನಿಗಳನ್ನೂ ಕಾಡಿತು.

1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1969ರ ಫರೀದಾಬಾದ್ ಅಧಿವೇಶನದಲ್ಲಿ ಸರ್ಕಾರಿ ಉದ್ಯಮಗಳ ಅದಕ್ಷತೆಯನ್ನು ಟೀಕಿಸಿದಾಗ ಪ್ರಧಾನಿ ಇಂದಿರಾ ಗಾಂಧಿಯವರೊಡನೆ ಬಿರುಕು ಬಯಲಾಯಿತು. ಅದೇ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿಯವರು ಸೋತು ವಿ.ವಿ. ಗಿರಿಯವರು ಗೆದ್ದರು. ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಲಾಯಿತು, ಕಾಂಗ್ರೆಸ್ ಎರಡಾಯಿತು. ನಿಜಲಿಂಗಪ್ಪನವರ ಬಣ ಸಂಪ್ರದಾಯವಾದಿಗಳ ಬಣವೆಂದು ಹೆಸರಾಯಿತು. ಜೋಡೆತ್ತಿನ ಗುರುತು ಇಬ್ಬರಿಗೂ ಇಲ್ಲವಾಯಿತು: ಒಬ್ಬರಿಗೆ ಹಸು ಕರು, ಇನ್ನೊಬ್ಬರಿಗೆ ಚರಕ ನೂಲುವ ಮಹಿಳೆ. 1971ರಲ್ಲಿ, 1972ರಲ್ಲಿ ಜನ ಹಸು ಕರುವಿನ ಕಡೆ ನಿಂತರು.

ಸೋತ ಮೇಲೆ ಅವರು ಪಕ್ಷ ಬದಲಿಸಿ ಅಧಿಕಾರ ಹುಡುಕಲಿಲ್ಲ. ಕ್ರಮೇಣ ರಾಜಕೀಯದಿಂದ ದೂರ ಸರಿದು ಚಿತ್ರದುರ್ಗದ ಮನೆಯಲ್ಲಿ ಖಾದಿಯುಟ್ಟು ಸರಳವಾಗಿ ಬಾಳಿದರು. ದಿನಚರಿ ಬರೆಯುವ ಅಭ್ಯಾಸವಿತ್ತು. ಕೊನೆಗಾಲದಲ್ಲಿ ಆತ್ಮಕಥೆಯನ್ನೂ ಬರೆದರು. 2000ರ ಆಗಸ್ಟ್ 8ರಂದು ತಮ್ಮ 97ನೆಯ ವಯಸ್ಸಿನಲ್ಲಿ ನಿಧನರಾದರು. ಚಿತ್ರದುರ್ಗದ ಬಳಿಯ ಸೀಬಾರದಲ್ಲಿ ಅವರ ಸ್ಮಾರಕವಿದೆ. ಬೆಳಗಾವಿಯ ಸಕ್ಕರೆ ಸಂಸ್ಥೆಗೆ, ಬಾಗಲಕೋಟೆಯ ವೈದ್ಯಕೀಯ ಕಾಲೇಜಿಗೆ ಅವರ ಹೆಸರಿದೆ.

ಅವರ ನಿಲುವುಗಳನ್ನು ಎಲ್ಲರೂ ಒಪ್ಪಬೇಕಿಲ್ಲ. ಆದರೆ ಒಂದು ಮಾತು ನಿಜ: ಮೊಳಕಾಲ್ಮೂರಿನ ಮತದಾರರು ಗೆಲ್ಲಿಸಿದಾಗ ಅವರು ಬೀಗಲಿಲ್ಲ, ಹೊಸದುರ್ಗದವರು ಸೋಲಿಸಿದಾಗ ಜಿಲ್ಲೆಯನ್ನು ದೂರಲಿಲ್ಲ, ಬಾಳಿನ ಸಂಜೆಗೆ ಇದೇ ಜಿಲ್ಲೆಗೆ ಮರಳಿ ಬಂದರು. ನಮ್ಮ ಶಾಲೆಯಿಂದ ಕಲಿತು ಹೋದ, ಕಲಿಯುತ್ತಿರುವ ಮಕ್ಕಳು ನಾಳೆ ಗ್ರಾಮ ಪಂಚಾಯಿತಿಗೋ ವಿಧಾನಸಭೆಗೋ ನಿಲ್ಲಬಹುದು. ನಿಲ್ಲದವರು ಮತ ಹಾಕುತ್ತಾರೆ. ಇಬ್ಬರಿಗೂ ಹಲುವಾಗಲಿನ ಆ ಬಡ ಹುಡುಗನ ಬದುಕಿನಲ್ಲಿ ಕಲಿಯುವುದಿದೆ.