ಇಸಿಜಿ ತೆಗೆಯುವಾಗ ಮೈಗೆ ಕರೆಂಟ್ ಬಿಡುತ್ತಾರಾ? ಆ ಯಂತ್ರ ಕಟ್ಟಿದ ಐಂಥೋವನ್ ಅವರ ಕಥೆ ಓದಿ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಿಂದ ಓದುಗರೊಬ್ಬರು ನಮಗೆ ಒಂದು ಫಾರ್ವರ್ಡ್ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅದರಲ್ಲಿರುವುದು ಇಷ್ಟು: ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುವ ವೈರುಗಳ ಮೂಲಕ ದೇಹಕ್ಕೆ ಕರೆಂಟ್ ಬಿಡುತ್ತಾರೆ, ಹೃದಯ ದುರ್ಬಲವಾಗಿರುವವರಿಗೆ ಅದರಿಂದಲೇ ಅಪಾಯ, ಆದ್ದರಿಂದ ವಯಸ್ಸಾದವರಿಗೆ ಇಸಿಜಿ ಮಾಡಿಸಬೇಡಿ. ಕೊನೆಗೆ ಎಂದಿನಂತೆ ಹತ್ತು ಜನಕ್ಕೆ ಕಳಿಸಿ ಎಂಬ ಸಾಲು. ಅವರ ಮನೆಯ ಹಿರಿಯರೊಬ್ಬರು ಇದನ್ನು ಓದಿಕೊಂಡೇ ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲವಂತೆ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಇದು ಸುಳ್ಳು. ಇಸಿಜಿ ಯಂತ್ರ ದೇಹಕ್ಕೆ ಕರೆಂಟ್ ಕೊಡುವುದಿಲ್ಲ. ಹೃದಯ ತಾನೇ ಹುಟ್ಟಿಸುವ ವಿದ್ಯುತ್ತನ್ನು ಅಳೆಯುವುದಷ್ಟೇ ಅದರ ಕೆಲಸ. ಆ ವಿದ್ಯುತ್ತು ಚರ್ಮದ ಮೇಲೆ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಒಂದು ಸೆಲ್ ಇದಕ್ಕಿಂತ 1500 ಪಟ್ಟು ಜೋರು. ಇಷ್ಟು ಸಣ್ಣದನ್ನು ಹಿಡಿಯುವುದೇ ಒಂದು ಕಾಲಕ್ಕೆ ಆಗದ ಕೆಲಸವಾಗಿತ್ತು. ಅದನ್ನು ಆಗುವಂತೆ ಮಾಡಿದವರು ವಿಲೆಮ್ ಐಂಥೋವನ್. ಅವರ ಬದುಕು ಗೊತ್ತಾದರೆ ಈ ಫಾರ್ವರ್ಡ್ ಯಾಕೆ ತಪ್ಪು ಎಂಬುದು ತಾನಾಗಿ ಅರ್ಥವಾಗುತ್ತದೆ.

ಐಂಥೋವನ್ ಹುಟ್ಟಿದ್ದು 1860ರ ಮೇ 21ರಂದು, ಇಂದಿನ ಇಂಡೋನೇಷ್ಯಾದ ಜಾವಾ ದ್ವೀಪದ ಸೆಮರಾಂಗ್ ಊರಿನಲ್ಲಿ. ಆಗ ಅದು ಡಚ್ಚರ ವಸಾಹತು. ತಂದೆ ಅಲ್ಲಿ ವೈದ್ಯರು. ಮಗನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು 1870ರಲ್ಲಿ ಹಡಗು ಹತ್ತಿ ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ನಗರಕ್ಕೆ ಬಂದು ನೆಲೆಸಿದರು. ತಂದೆಯ ದಾರಿಯಲ್ಲೇ ಹೋಗಬೇಕೆಂದು ಹುಡುಗ 1878ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದ.

ಅವರು ಪುಸ್ತಕದ ಹುಳು ಆಗಿರಲಿಲ್ಲ. ಕಸರತ್ತು, ಕತ್ತಿವರಸೆ, ದೋಣಿ ಓಡಿಸುವುದು, ಎಲ್ಲದರಲ್ಲೂ ಮುಂದು. ಹೀಗೆ ಆಡುವಾಗ ಒಮ್ಮೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಬೇರೆಯವರಾಗಿದ್ದರೆ ಕೈಗೆ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದರು. ಇವರು ಮನೆಯಲ್ಲಿ ಕೂತು, ಅಂಗೈ ಮೇಲಾಗಿ ಕೆಳಗಾಗಿ ತಿರುಗುವಾಗ ಮೊಣಕೈ, ಭುಜದ ಕೀಲುಗಳು ಹೇಗೆ ಕೆಲಸ ಮಾಡುತ್ತವೆ ಎಂದು ಅಧ್ಯಯನ ಮಾಡಿ ಪ್ರಬಂಧ ಬರೆದರು. 1885ರಲ್ಲಿ ಡಾಕ್ಟರೇಟ್ ಬಂತು. ಅದೇ ವರ್ಷ ಲೈಡನ್ ವಿಶ್ವವಿದ್ಯಾಲಯ ಅವರನ್ನು ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿ ಆರಿಸಿತು. ವಯಸ್ಸು 25. ಸಾಯುವವರೆಗೂ ಅವರು ಆ ಹುದ್ದೆ, ಆ ಊರು ಬಿಡಲಿಲ್ಲ.

ನಾಯಿಯ ಕಾಲು, ಉಪ್ಪುನೀರು

ಹೃದಯದ ವಿದ್ಯುತ್ತನ್ನು ಚರ್ಮದ ಮೇಲಿಂದಲೇ ಮೊದಲು ದಾಖಲಿಸಿದವರು ಐಂಥೋವನ್ ಅಲ್ಲ. 1887ರಲ್ಲಿ ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ ಎಂಬ ವಿಜ್ಞಾನಿ ಅದನ್ನು ಮಾಡಿದ್ದರು. ವಾಲರ್ ಅವರ ಬುಲ್‌ಡಾಗ್ ಜಿಮ್ಮಿ ಆ ಕಾಲಕ್ಕೆ ದೊಡ್ಡ ಹೆಸರು. ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿಟ್ಟುಕೊಂಡು ಅದು ಸುಮ್ಮನೆ ನಿಲ್ಲುತ್ತಿತ್ತು, ಅದರ ಹೃದಯ ಬಡಿತದ ಅಲೆಯನ್ನು ಜನ ಕಣ್ಣಾರೆ ನೋಡುತ್ತಿದ್ದರು. ನಾಯಿಗೆ ಹಿಂಸೆ ಕೊಡುತ್ತಿದ್ದಾರೆ ಎಂದು 1909ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆಯೇ ಎದ್ದಿತು. ನಾಯಿಗೆ ಏನೂ ಆಗಿರಲಿಲ್ಲ, ಕಾಲು ಒದ್ದೆಯಾಗಿತ್ತು ಅಷ್ಟೇ. ಅಂದರೆ ಇಂದು ವಾಟ್ಸಾಪಿನಲ್ಲಿ ಓಡಾಡುವ ಭಯಕ್ಕೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ.

ವಾಲರ್ ಬಳಸುತ್ತಿದ್ದ ಉಪಕರಣದಲ್ಲಿ ಕೂದಲೆಳೆಯಂಥ ಗಾಜಿನ ನಳಿಗೆಯೊಳಗೆ ಪಾದರಸ ಇರುತ್ತಿತ್ತು. ವಿದ್ಯುತ್ತು ಬಂದಾಗ ಪಾದರಸ ಏರಿಳಿಯುತ್ತದೆ. ಆದರೆ ಪಾದರಸ ಭಾರ, ಆದ್ದರಿಂದ ನಿಧಾನ. ಹೃದಯದ ಏರಿಳಿತ ಸೆಕೆಂಡಿನ ನೂರನೇ ಭಾಗದಲ್ಲಿ ನಡೆದುಹೋಗುತ್ತದೆ, ಪಾದರಸ ಏಳುವ ಹೊತ್ತಿಗೆ ಅಲೆ ಮುಗಿದಿರುತ್ತದೆ. ವಾಲರ್ ಅವರಿಗೂ ಇದರಿಂದ ರೋಗಿಗಳಿಗೆ ದೊಡ್ಡ ಉಪಯೋಗವಾದೀತು ಎಂಬ ನಂಬಿಕೆ ಇರಲಿಲ್ಲ.

1889ರಲ್ಲಿ ಬಾಸೆಲ್ ನಗರದ ಸಮ್ಮೇಳನದಲ್ಲಿ ಐಂಥೋವನ್ ಈ ಪ್ರಯೋಗ ನೋಡಿದರು. ಲೈಡನ್‌ಗೆ ಹಿಂದಿರುಗಿ ಅದೇ ಉಪಕರಣ ಇಟ್ಟುಕೊಂಡು ಕೂತರು. ಅವರ ಪ್ರಯೋಗಾಲಯದ ಹೊರಗೆ ಕಲ್ಲುಹಾಸಿನ ಬೀದಿ. ಕುದುರೆ ಗಾಡಿ ಹೋದಾಗಲೆಲ್ಲ ಕಟ್ಟಡ ನಡುಗಿ ಪಾದರಸವೂ ನಡುಗುತ್ತಿತ್ತು. ಕೊನೆಗೆ ನೆಲ ಅಗೆಸಿ, ಕಲ್ಲು ತುಂಬಿಸಿ, ಅದರ ಮೇಲೆ ಉಪಕರಣ ಇಟ್ಟರು. ಆದರೂ ಸಾಲದಾಯಿತು. ಆಗ ಅವರು ಪಾದರಸ ಎಷ್ಟು ತಡ ಮಾಡುತ್ತದೆ ಎಂಬುದನ್ನೇ ಲೆಕ್ಕ ಹಾಕಿ, ಸೋಮಾರಿ ಪಾದರಸ ಬರೆದ ಗೆರೆಯಿಂದ ನಿಜವಾದ ಗೆರೆ ಹೇಗಿರಬೇಕು ಎಂದು ಗಣಿತದಿಂದ ತೆಗೆದರು. ಹಾಗೆ ಸಿಕ್ಕ ಐದು ಏರಿಳಿತಗಳಿಗೆ 1895ರಲ್ಲಿ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಇಂದಿಗೂ ಮಂಡ್ಯದ ಡಾಕ್ಟರಾಗಲಿ, ಮೈಸೂರಿನ ಜಯದೇವ ಆಸ್ಪತ್ರೆಯ ಡಾಕ್ಟರಾಗಲಿ ಓದುವುದು ಇದೇ ಐದು ಅಕ್ಷರಗಳನ್ನು.

ಬಾಣ ಬಿಟ್ಟು ಎಳೆದ ದಾರ

ಪ್ರತಿ ರೋಗಿಗೂ ಕೂತು ಲೆಕ್ಕ ಮಾಡಲಾಗುವುದಿಲ್ಲ. ಯಂತ್ರವೇ ಸರಿಯಾದ ಗೆರೆ ಬರೆಯಬೇಕು. ಅದಕ್ಕೆ ಪಾದರಸ ಬಿಟ್ಟು ತೂಕವೇ ಇಲ್ಲದಂಥ ವಸ್ತು ಬೇಕಿತ್ತು. ಐಂಥೋವನ್ ಆರಿಸಿಕೊಂಡದ್ದು ಸ್ಫಟಿಕದ ಎಳೆ. ಸ್ಫಟಿಕವನ್ನು ಕರಗುವಷ್ಟು ಕಾಯಿಸಿ, ಬಾಣದ ಹಿಂಬದಿಗೆ ಅಂಟಿಸಿ, ಬಾಣ ಬಿಡುತ್ತಿದ್ದರು. ಹಾರುವ ಬಾಣ ಎಳೆದುಕೊಂಡು ಹೋದ ದಾರ ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗದಷ್ಟು ಸಣ್ಣ. ನಮ್ಮ ತಲೆಗೂದಲು ಅದಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ದಪ್ಪ. ಆ ದಾರಕ್ಕೆ ಬೆಳ್ಳಿಯ ಲೇಪ ಕೊಟ್ಟು, ಬಲವಾದ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಬಿಗಿದು ಕಟ್ಟಿದರು. ರೋಗಿಯ ದೇಹದಿಂದ ಬಂದ ಅತ್ಯಲ್ಪ ವಿದ್ಯುತ್ತು ದಾರದಲ್ಲಿ ಹರಿದಾಗ ದಾರ ಆ ಕಡೆ ಈ ಕಡೆ ಅಲುಗುತ್ತದೆ. ಅದರ ನೆರಳನ್ನು ಸೂಕ್ಷ್ಮದರ್ಶಕದಿಂದ ದೊಡ್ಡದು ಮಾಡಿ, ಚಲಿಸುವ ಫೋಟೊ ಪ್ಲೇಟಿನ ಮೇಲೆ ಬೀಳಿಸಿದರೆ ಇಸಿಜಿ ಸಿದ್ಧ.

ಕರೆಂಟ್ ಬಿಡುವ ಭಯ ಇರುವವರು ಈ ಒಂದು ಸಂಗತಿ ಗಮನಿಸಿ. ಆ ಯಂತ್ರದಲ್ಲಿ ಕರೆಂಟ್ ಬೇಕಿದ್ದದ್ದು ಕಾಂತಕ್ಕೆ ಮತ್ತು ದೀಪಕ್ಕೆ. ರೋಗಿಯ ಕಡೆಯಿಂದ ಯಂತ್ರದ ಕಡೆಗೆ ವಿದ್ಯುತ್ತು ಬರುತ್ತಿತ್ತೇ ಹೊರತು, ಯಂತ್ರದ ಕಡೆಯಿಂದ ರೋಗಿಗೆ ಹೋಗುತ್ತಿರಲಿಲ್ಲ. ಇಂದಿನ ಯಂತ್ರದಲ್ಲೂ ಅಷ್ಟೇ.

ಈ ಉಪಕರಣದ ಬಗ್ಗೆ ಮೊದಲ ಬರಹ 1901ರಲ್ಲಿ ಬಂತು, ವಿವರವಾದದ್ದು 1903ರಲ್ಲಿ. ಯಂತ್ರದ ತೂಕ ಸುಮಾರು 270 ಕಿಲೊ. ಎರಡು ಕೋಣೆ ತುಂಬುತ್ತಿತ್ತು, ನಡೆಸಲು ಐದು ಜನ ಬೇಕು, ಕಾಂತ ಕಾಯದಂತೆ ನೀರು ಹರಿಸುತ್ತಿರಬೇಕು. ರೋಗಿ ಎರಡು ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕು. ಇಂದು ಅಂಟಿಸುವಾಗ ತಣ್ಣಗೆ ತಾಗುವ ಜೆಲ್ ಆ ಉಪ್ಪುನೀರಿನ ಮೊಮ್ಮಗು.

ಇಂಥ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆ? ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಾಲಯಕ್ಕೆ ತರುವುದೂ ಆಗದು. ಐಂಥೋವನ್ 1905ರಲ್ಲಿ ಟೆಲಿಫೋನ್ ತಂತಿ ಬಳಸಿದರು. ರೋಗಿ ಆಸ್ಪತ್ರೆಯಲ್ಲಿ, ಯಂತ್ರ ಒಂದೂವರೆ ಕಿಲೊಮೀಟರ್ ದೂರದಲ್ಲಿ, ನಡುವೆ ತಂತಿ. ಐಂಥೋವನ್ ಅವರ ಎಲ್ಲ ಕೆಲಸಗಳಲ್ಲಿ ನಮಗೆ ಅತಿ ದೊಡ್ಡದಾಗಿ ಕಾಣುವುದು ಇದು, ಯಾಕೆಂದರೆ ಇದು ನೇರವಾಗಿ ನಮ್ಮೂರಿಗೆ ಸಂಬಂಧಪಟ್ಟದ್ದು. ಕೊಕ್ಕರೆ ಬೆಳ್ಳೂರಿನಂಥ ಹಳ್ಳಿಯಲ್ಲಿ ಹುಣಸೆ ಮರದ ತುಂಬ ಹೆಜ್ಜಾರ್ಲೆ, ಕೊಕ್ಕರೆಗಳಿವೆ, ಹೃದಯ ತಜ್ಞರಿಲ್ಲ. ಕರ್ನಾಟಕ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೇ ದೂರದ ಸಮಸ್ಯೆಗೆ ಮಾಡಿದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಅದು ದೂರದ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ, ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತ ಎಂದು ತಿಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇದೆಲ್ಲ ಶುರುವಾಗುವುದು ಇಸಿಜಿಯಿಂದ. ಫಾರ್ವರ್ಡ್ ನಂಬಿ ಇಸಿಜಿ ಬೇಡ ಎಂದವರಿಗೆ ಆ ಚುಚ್ಚುಮದ್ದೂ ಸಿಗುವುದಿಲ್ಲ.

ಮುಂದಿನದು ಬೇಗ ಹೇಳುತ್ತೇವೆ. ಇಂಗ್ಲೆಂಡಿನ ಕೇಂಬ್ರಿಜ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಕಂಪನಿ ಯಂತ್ರವನ್ನು ಚಿಕ್ಕದು ಮಾಡಿ ಮಾರತೊಡಗಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಹೊರೇಸ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಅವರ ಮಗ. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಇದನ್ನು ಬಳಸಿ ಹೃದಯದ ಲಯ ತಪ್ಪುವ ಕಾಯಿಲೆಗಳನ್ನು ಒಂದೊಂದಾಗಿ ಗುರುತಿಸಿದರು. ಐಂಥೋವನ್ ಅವರಿಗೆ 1924ರ ನೊಬೆಲ್ ಬಂತು. ಸುದ್ದಿ ಬಂದಾಗ ಅವರು ಉಪನ್ಯಾಸಕ್ಕೆಂದು ಅಮೆರಿಕದಲ್ಲಿದ್ದರು. ಅವರ ಬದುಕನ್ನು ಬರೆದವರು ಒಂದು ಸಂಗತಿ ಹೇಳುತ್ತಾರೆ. ಯಂತ್ರ ಕಟ್ಟಲು ವರ್ಷಗಟ್ಟಲೆ ಜೊತೆಗಿದ್ದ ಫಾನ್ ಡೆರ್ ವುರ್ಡ್ ಎಂಬ ಸಹಾಯಕನಿಗೆ ಬಹುಮಾನದ ಹಣದಲ್ಲಿ ಪಾಲು ಕೊಡಬೇಕೆಂದು ಐಂಥೋವನ್ ಹುಡುಕಿಸಿದರಂತೆ. ಆತ ತೀರಿಹೋಗಿದ್ದ. ಬಡತನದಲ್ಲಿದ್ದ ಆತನ ಇಬ್ಬರು ಸೋದರಿಯರನ್ನು ಪತ್ತೆ ಮಾಡಿ ಅರ್ಧ ಹಣ ಕೊಟ್ಟರಂತೆ. 1927ರ ಸೆಪ್ಟೆಂಬರ್ 29ರಂದು ಐಂಥೋವನ್ ಲೈಡನ್‌ನಲ್ಲಿ ತೀರಿಕೊಂಡರು.

ಪರದೆ ನೋಡುತ್ತ ಕೂರುವವರು

ಐಂಥೋವನ್ ಅವರ ಯಂತ್ರ ಕೆಲವು ಬಡಿತಗಳನ್ನಷ್ಟೇ ಹಿಡಿಯುತ್ತಿತ್ತು. ಇಡೀ ದಿನ ಹಿಡಿಯುವ ದಾರಿ ತೋರಿಸಿದವರು ಅಮೆರಿಕದ ನಾರ್ಮನ್ ಹೋಲ್ಟರ್. ಅವರ ಮೊದಲ ಯಂತ್ರವನ್ನು ಬೆನ್ನಿಗೆ ಹೊರಬೇಕಿತ್ತು, ತೂಕ 38 ಕಿಲೊ. ಇಂದು ಹೋಲ್ಟರ್ ಎಂದೇ ಕರೆಯುವ ಪೆಟ್ಟಿಗೆ ಜೇಬಿನಲ್ಲಿ ಹಿಡಿಯುತ್ತದೆ.

ಈಗ ಹೃದಯ ವಾರ್ಡುಗಳಲ್ಲಿ ರೋಗಿಯ ಅಲೆ ಹಗಲೂ ರಾತ್ರಿ ಪರದೆಯ ಮೇಲೆ ಓಡುತ್ತಿರುತ್ತದೆ. ಅದನ್ನು ನೋಡುತ್ತ ಕೂರುವುದೇ ಕಾರ್ಡಿಯಾಕ್ ಮಾನಿಟರಿಂಗ್ ಟೆಕ್ನಿಷಿಯನ್ ಕೆಲಸ. ಟೆಕ್ನಿಷಿಯನ್ ಇಲ್ಲದ ಕಡೆ ಅದು ನರ್ಸ್‌ಗಳ ಪಾಲಿಗೆ ಬರುತ್ತದೆ. ಕೂತು ಟಿವಿ ನೋಡಿದ ಹಾಗೆ ಅಂದುಕೊಳ್ಳಬೇಡಿ. ರೋಗಿ ಹಲ್ಲು ಉಜ್ಜಿದರೆ ಪರದೆಯಲ್ಲಿ ಜೀವಕ್ಕೆ ಅಪಾಯವಾದ ಲಯ ಬಂದಂತೆಯೇ ಕಾಣಬಹುದು. ಒಂದು ವೈರು ಕಳಚಿದರೆ ಗೆರೆ ನೇರವಾಗಿ ಮಲಗುತ್ತದೆ, ಪಕ್ಕದಲ್ಲಿರುವ ಮಗಳು ಕಿರುಚಿಕೊಳ್ಳುತ್ತಾಳೆ, ರೋಗಿ ಮಾತ್ರ ಕಾಫಿ ಕೇಳುತ್ತಿರುತ್ತಾರೆ. ಗಂಟೆಗೆ ಹತ್ತಾರು ಸಲ ಕೂಗುವ ಅಲಾರಂಗಳಲ್ಲಿ ನಿಜವಾದ ಒಂದನ್ನು ಹೆಕ್ಕುವುದು ಕಷ್ಟದ ಕೆಲಸ. ಮೊದಲು ರೋಗಿಯನ್ನು ನೋಡು, ಆಮೇಲೆ ಪರದೆ ನೋಡು ಎನ್ನುವುದು ಈ ಕೆಲಸದ ಮೊದಲ ಪಾಠ.

ಸಿನಿಮಾದಲ್ಲಿ ಗೆರೆ ನೇರವಾದ ಕೂಡಲೇ ಎದೆಗೆ ಶಾಕ್ ಕೊಡುತ್ತಾರಲ್ಲ, ಅದೂ ತಪ್ಪು. ಹೃದಯದ ವಿದ್ಯುತ್ತು ಪೂರ್ತಿ ನಿಂತಾಗ ಶಾಕ್ ಕೆಲಸ ಮಾಡುವುದಿಲ್ಲ. ಆಗ ಎದೆ ಒತ್ತುತ್ತಾರೆ, ಔಷಧಿ ಕೊಡುತ್ತಾರೆ. ವಿದ್ಯುತ್ತು ಅಡ್ಡಾದಿಡ್ಡಿಯಾಗಿ ಹೃದಯ ನಡುಗುತ್ತಿರುವಾಗ ಮಾತ್ರ ಶಾಕ್. ಶಾಕ್ ಕೊಡುವ ಯಂತ್ರವೇ ಬೇರೆ, ಇಸಿಜಿ ಯಂತ್ರವೇ ಬೇರೆ. ಫಾರ್ವರ್ಡ್ ಬರೆದವರು ಎರಡನ್ನೂ ಕಲಸಿರಬೇಕು.

ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ ಎನ್ನುವ ಇನ್ನೊಂದು ಹಳೆಯ ಫಾರ್ವರ್ಡ್ ಕೂಡ ಇದೇ ಮಾನಿಟರ್ ಕೋಣೆಯಿಂದ ಹೊರಟದ್ದು. ರೋಗಿ ಮಾನಿಟರ್ ಅಡಿಯಲ್ಲಿದ್ದು, ಲಯ ತಪ್ಪಿದ್ದು ಆ ಕ್ಷಣವೇ ಕಂಡಾಗ, ಡಾಕ್ಟರು ಪಕ್ಕದಲ್ಲೇ ನಿಂತು ಕೆಮ್ಮಲು ಹೇಳುವುದುಂಟು. ಮನೆಯಲ್ಲಿ ಕೆಮ್ಮುತ್ತ ಕೂತರೆ ಕಳೆಯುವುದು ಸಮಯ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಜನಸಾಮಾನ್ಯರಿಗೆ ಶಿಫಾರಸು ಮಾಡುವುದಿಲ್ಲ.

ಕೊಕ್ಕರೆ ಬೆಳ್ಳೂರಿನ ಓದುಗರು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: ಹೋದ ವರ್ಷ ಇಸಿಜಿ ಸರಿ ಇತ್ತು, ಈಗ ಮತ್ತೆ ಯಾಕೆ? ಇಸಿಜಿ ತೋರಿಸುವುದು ತೆಗೆದ ಆ ಕೆಲವು ಸೆಕೆಂಡುಗಳ ಸ್ಥಿತಿಯನ್ನು. ಹೃದಯಾಘಾತ ಶುರುವಾದ ಮೊದಲ ಹೊತ್ತಿನಲ್ಲೂ ಕೆಲವರಿಗೆ ಅದು ಸರಿಯಾಗಿಯೇ ಬರಬಹುದು. ಅದಕ್ಕೇ ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ರಕ್ತದಲ್ಲಿ ಟ್ರೋಪೋನಿನ್ ಪರೀಕ್ಷೆ ಮಾಡುತ್ತಾರೆ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಎಡಗೈ ಅಥವಾ ದವಡೆಗೆ ಹರಿದರೆ, ಗ್ಯಾಸ್ ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಹೊರಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರುಕಟ್ಟುವಿಕೆ ಇರಬಹುದು. ಅವರಿಗೂ ಇಸಿಜಿ ಬೇಕು, ಐದು ನಿಮಿಷದ ಕೆಲಸ.